ರಾಕಿಯಾದಲ್ಲಿ ನೆನೆಸಿದ ಕೊರಳಪಟ್ಟಿ

ನಮ್ಮ ಮಾವ ದೊಯ್ಚಿನ್‌ಗೆ ರಾಕಿಯಾ ಎಂದರೆ ಸಾರಾಯಿಯಲ್ಲ, ಔಷಧಿ. ಹಲ್ಲುನೋವಿಗೆ ಅದೇ, ಜ್ವರಕ್ಕೆ ಅದೇ, ಮೊಮ್ಮಗನ ಅಂಗಾಲಿಗೆ ಉಜ್ಜುವುದೂ ಅದೇ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಹಿಂದಿನ ವರ್ಷ ಎಲೆ ಉದುರುವ ಕಾಲದಲ್ಲಿ ನಮ್ಮೂರಿನ ಮೇಲಿರುವ ಶಾರ್ ಬೆಟ್ಟದ ನಾಯಿಗಳಿಗೆ ಹೊಸ ರೋಗ ಬಡಿಯಿತು. ವಾಂತಿ, ರಕ್ತಭೇದಿ. ನಮ್ಮ ಕುರಿ ಕಾಯುವ ನಾಯಿಗಳೆಲ್ಲ ಒಂದರ ಹಿಂದೆ ಒಂದು ಸತ್ತವು. ದನದ ಡಾಕ್ಟರ್ ಸೆರಾಫಿಮ್ ಅಂಗಳದಲ್ಲೇ ನಿಂತು ಹೇಳಿದ:

“ಇದು ಬೆಕ್ಕಿನ ಕರುಳಲ್ಲಿದ್ದ ವೈರಸ್ಸು ತಾತ. ಒಂಚೂರು ಬದಲಾಗಿ ನಾಯಿಗೆ ಹತ್ತೋದು ಕಲ್ತುಬಿಟ್ಟಿದೆ. ತಿಂಗಳುಗಟ್ಲೆ ಒಣಗಿ ಕೂತಿದ್ರೂ ಸಾಯಲ್ಲ. ಹುಲ್ಲು, ಬಟ್ಟಲು ಎಲ್ಲ ಸುಡಿ. ಸುಡಕ್ಕಾಗದ್ದನ್ನ ಬ್ಲೀಚಿಂಗ್ ನೀರಲ್ಲಿ ನೆನೆಸಿ.”

“ಬೆಕ್ಕಿಂದು ನಾಯಿಗೆ ಬಂತಾ? ನಾಳೆ ನನ್ನ ಕತ್ತೆಗೂ ಬರುತ್ತೆ ಅನ್ನು!” ಎಂದರು ಮಾವ.

“ಕತ್ತೆ ಕತೆ ಗೊತ್ತಿಲ್ಲ. ತೋಳಕ್ಕಂತೂ ಬರುತ್ತೆ, ಅದೂ ನಾಯಿ ಜಾತಿನೇ ಅಲ್ವಾ.”

ಮಾವ ಎಲ್ಲವನ್ನೂ ಸುಟ್ಟರು, ಕೊರಳಪಟ್ಟಿಯೊಂದನ್ನು ಬಿಟ್ಟು. ತೋಳ ಕುತ್ತಿಗೆಗೆ ಬಾಯಿ ಹಾಕದಂತೆ ಕಬ್ಬಿಣದ ಮುಳ್ಳು ಬಡಿದ ಆ ತೊಗಲಪಟ್ಟಿ ಅವರ ಅಪ್ಪನ ಕಾಲದ್ದು. ಸತ್ತ ನಾಯಿಯಿಂದ ಬಿಚ್ಚಿ ಮುಂದಿನದಕ್ಕೆ ಕಟ್ಟುವುದು ನಮ್ಮಲ್ಲಿ ಪದ್ಧತಿ. ಪಟ್ಟಿಯ ಜೊತೆ ಧೈರ್ಯವೂ ಬರುತ್ತದಂತೆ.

ಹಿಮ ಕರಗಿದ ಮೇಲೆ ಬೆಟ್ಟದ ಆಚೆಯಿಂದ ಕರಮಾನ್ ಎಂಬ ಬೆಳೆದ ನಾಯಿಮರಿ ತಂದೆವು. ವಸಂತದ ಜುರ್ಜೊವ್ಡನ್ ಹಬ್ಬ ಕಳೆದರೆ ಕುರಿಗಳು ಬೆಟ್ಟ ಹತ್ತಬೇಕು. ನಾಯಿಯಿಲ್ಲದೆ ಹತ್ತಿಸಿದರೆ ತೋಳಗಳಿಗೆ ಔತಣ ಹಾಕಿದಂತೆ. ನಮಗೆ ಉಳಿದಿದ್ದ ಆಸೆ ಅದೊಂದೇ.

ಹಬ್ಬದ ದಿನ ಮಾವ ಪಟ್ಟಿ ಹಿಡಿದು ಬಂದರು.

“ಬ್ಲೀಚಿಂಗ್ ನೀರಲ್ಲಿ ಹಾಕಿದ್ರಾ ಮಾವ?”

“ತೊಗಲು ಹಾಳಾಗಲ್ವೇನೇ ಹುಚ್ಚಿ? ಮೂರು ಸಲ ಬಟ್ಟಿ ಇಳಿಸಿದ ರಾಕಿಯಾದಲ್ಲಿ ನೆನೆಸಿದೀನಿ. ಅದನ್ನ ಕುಡಿದ್ರೆ ನಿನ್ನ ಗಂಡನೇ ಉರುಳ್ಕೊಂಡ್ ಬೀಳ್ತಾನೆ, ಇನ್ನು ಆ ಹುಳ ಬದುಕುತ್ತಾ?”

ನನ್ನ ಗಂಡ ಹೊಟ್ಟೆ ಹಿಡಿದು ನಕ್ಕ. ಮಾವ ಪಟ್ಟಿಯನ್ನು ಕರಮಾನ್ ಕೊರಳಿಗೆ ಕಟ್ಟಿದರು.

ವಾರ ತುಂಬುವುದರೊಳಗೆ ಕರಮಾನ್ ಊಟ ಬಿಟ್ಟಿತು, ಆಮೇಲೆ ರಕ್ತ ಹೋಗತೊಡಗಿತು. ಸೆರಾಫಿಮ್ ಬಂದು ಗ್ಲೂಕೋಸ್ ಏರಿಸಿದ, ಪಟ್ಟಿಯನ್ನು ಮೂಸಿದ. “ರಾಕಿಯಾಕ್ಕೆಲ್ಲ ಇದು ಜಗ್ಗಲ್ಲ ತಾತ,” ಎಂದನಷ್ಟೆ. ಸಂಜೆಗೆ ಮರಿ ಮಾವನ ತೊಡೆಯ ಮೇಲೆ ಸತ್ತಿತು. ನನಗೆ ಅವರ ಮೇಲೆ ಕೋಪ ಉಕ್ಕುತ್ತಿತ್ತು, ಆದರೂ ಅವರ ಮುಖ ನೋಡಿ ಹೆಗಲಿಗೆ ಕಂಬಳಿ ಹೊದಿಸಿದೆ.

“ಇದು ಇನ್ಯಾವ ನಾಯಿಗೂ ಬೇಡ,” ಎಂದು ಮೊದಲ ಸಲ ಪಟ್ಟಿ ಬಿಚ್ಚದೆ ಹೂತರು. ಬರೀ ಕಲ್ಲು ನೆಲ, ಗುಂಡಿ ಆಳ ಹೋಗಲಿಲ್ಲ.

ಬೆಳಿಗ್ಗೆ ನೋಡಿದರೆ ಗುಂಡಿ ಕೆದರಿತ್ತು. ಸುತ್ತ ತೋಳದ ಹೆಜ್ಜೆಗಳು. ಮರಿ ಇರಲಿಲ್ಲ, ಪಟ್ಟಿ ಮಾತ್ರ ಬಿದ್ದಿತ್ತು. ಜೀವಮಾನವಿಡೀ ತೋಳಗಳಿಗೆ ಶಾಪ ಹಾಕಿದ್ದ ಮಾವ ಗುಂಡಿಯ ಪಕ್ಕ ಕೂತರು.

“ಅವೂ ಈಗ ಮರಿ ಹಾಕಿರೋ ಕಾಲ ಕಣೋ.”

“ಸಾಯ್ಲಿ ಬಿಡಪ್ಪ, ನಮ್ಮ ಕುರಿ ಉಳಿಯುತ್ತೆ,” ಎಂದ ನನ್ನ ಗಂಡ.

“ಈ ರೋಗ ಬೆಕ್ಕಲ್ಲಿ ನಿಲ್ಲಲಿಲ್ಲ, ನಾಯೀಲಿ ನಿಲ್ಲಲಿಲ್ಲ. ತೋಳದಲ್ಲಿ ನಿಲ್ಲುತ್ತೇನೋ?” ಎನ್ನುತ್ತ ಮಾವ ಬಿಕ್ಕಿದರು.

ಬೆಟ್ಟಕ್ಕೆ ಹೊರಡಬೇಕಿದ್ದ ಕುರಿಗಳು ದೊಡ್ಡಿಯಲ್ಲಿ ಅರಚುತ್ತಿದ್ದವು. ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ.