ಅಳೋ ಅಕ್ಕನ ದನಿ

ನನ್ನ ಅಮ್ಮನ ಕೆಲಸ ಅಳುವುದು. ತಮಾಷೆಗೆ ಹೇಳುತ್ತಿಲ್ಲ. ಹಳೇ ಸಿನಿಮಾಗಳಲ್ಲಿ ನಾಯಕಿ ಬಾಯಿ ತೆರೆದು ಅತ್ತಾಗ ಕೇಳಿಸುತ್ತದಲ್ಲ, ಆ ದನಿ ಎಷ್ಟೋ ಸಲ ನನ್ನ ಅಮ್ಮನದು. ಮಾತಿಗೆ ಒಬ್ಬಳು, ಹಾಡಿಗೆ ಒಬ್ಬಳು, ಅಳುವುದಕ್ಕೆ ನನ್ನ ಅಮ್ಮ. ನಾಯಕಿಯರ ಗಂಟಲು ಕೆಡಬಾರದು ನೋಡಿ. ಕೆಡುವುದಕ್ಕೆ ಬೇರೆ ಗಂಟಲುಗಳಿದ್ದವು. ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಅಳೋ ಅಕ್ಕ ಅನ್ನುತ್ತಿದ್ದರು. ಪರದೆಯ ಮೇಲೆ ಹೆಸರುಗಳು ಬರುವಾಗ ಕಾರು ಓಡಿಸಿದವರ ಹೆಸರೂ ಬರುತ್ತಿತ್ತು, ಅವಳದು ಬರುತ್ತಿರಲಿಲ್ಲ.

ಡಬ್ಬಿಂಗ್ ಕೋಣೆಗೆ ಕಿಟಕಿಯಿಲ್ಲ. ಫ್ಯಾನ್ ಹಾಕುವಂತಿಲ್ಲ, ಸದ್ದು ಬರುತ್ತದೆ. ಬಳೆ ತೊಡುವಂತಿಲ್ಲ. ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು, ಅದು ಕಿರುಗುಟ್ಟಿದರೂ ಮೈಕಿಗೆ ಕೇಳಿಸುತ್ತದೆ. ಹಸಿವಿಗೆ ಹೊಟ್ಟೆ ಗುರ್ ಅನ್ನಬಾರದೆಂದು ಒಂದು ಬನ್ನು ತಿಂದು ಒಳಗೆ ಹೋಗಬೇಕು. ಹೊಟ್ಟೆ ತುಂಬ ತಿಂದರೆ ಅಳು ಬರುವುದಿಲ್ಲ. ಬೆವರು ಸುರಿಸುತ್ತಾ, ಎದುರಿನ ಪರದೆಯಲ್ಲಿ ಯಾರದೋ ತುಟಿ ನೋಡುತ್ತಾ ನಿಂತಿರಬೇಕು. ಆ ತುಟಿ ತೆರೆದಾಗ ಅಳಬೇಕು, ಮುಚ್ಚಿದಾಗ ನಿಲ್ಲಿಸಬೇಕು. ಮನೆಗೆ ಬರುವ ಹೊತ್ತಿಗೆ ಅಮ್ಮನ ಗಂಟಲು ಕಟ್ಟಿರುತ್ತಿತ್ತು. ಉಪ್ಪುನೀರು ಮುಕ್ಕಳಿಸುತ್ತಾ ಕೈಸನ್ನೆಯಲ್ಲೇ ನನ್ನನ್ನು ಬೈಯುತ್ತಿದ್ದಳು.

ಅಪ್ಪ ಗೋದಾಮಿನಲ್ಲಿ ಹಮಾಲಿ. ಮೂಟೆ ಹೊತ್ತು ಹೊತ್ತು ಅವನ ಒಂದು ಭುಜ ಇಳಿದುಹೋಗಿತ್ತು. ಅವನಿಗೆ ಸಿನಿಮಾ ಹುಚ್ಚು. ಅದರಲ್ಲೂ ಒಬ್ಬ ನಿರ್ದೇಶಕನೆಂದರೆ ಪ್ರಾಣ. ಆ ನಿರ್ದೇಶಕ ಕೂಲಿಯವರ ಮೇಲೆ, ಬೀದಿಗೆ ಬಿದ್ದವರ ಮೇಲೆ ಸಿನಿಮಾ ಮಾಡುತ್ತಿದ್ದ.

"ನಮ್ಮ ಮನೆ ಜಗಲಿ ಮೇಲೆ ಕೂತು ಎಲ್ಲಾ ನೋಡ್ಕೊಂಡು ಹೋದ ಹಾಗೆ ತೆಗೀತಾನೆ ಮಾರಾಯ," ಎಂದು ಅಪ್ಪ ತನ್ನ ಜೊತೆಯ ಹಮಾಲಿಗೆ ಹೇಳುತ್ತಿದ್ದ. ಆ ಜೊತೆಗಾರನಿಗೆ ಮುಖಕ್ಕಿಂತ ಮೀಸೆಯೇ ದೊಡ್ಡದು. ನಾನು ಅವನನ್ನು ಮೀಸೆ ಮಾವ ಅನ್ನುತ್ತಿದ್ದೆ. ಇಬ್ಬರೂ ಥಿಯೇಟರಿನ ಮೊದಲ ಸಾಲಿನಲ್ಲಿ ಕತ್ತೆತ್ತಿ ಕೂತು ಶಿಳ್ಳೆ ಹೊಡೆಯುತ್ತಿದ್ದರು. ಅಂಥ ನಿರ್ದೇಶಕನ ಸಿನಿಮಾಗೆ ಅಳುವವಳು ತನ್ನ ಹೆಂಡತಿ ಎಂದು ಅಪ್ಪನಿಗೆ ಎಲ್ಲಿಲ್ಲದ ಜಂಬ.

ನಾನು ಚಿಕ್ಕವಳಿದ್ದಾಗ ಒಂದು ದಿನ ಅಮ್ಮ ಬರಿಗಾಲಲ್ಲಿ ನಮ್ಮ ಶಾಲೆಗೆ ಓಡಿಬಂದಳು. ಪಾಠ ನಡೆಯುತ್ತಿತ್ತು. ಟೀಚರನ್ನೂ ಕೇಳದೆ ನನ್ನನ್ನು ಬೆಂಚಿನಿಂದ ಎಳೆದು, ಕೈಕಾಲು ತಲೆ ಎಲ್ಲಾ ಮುಟ್ಟಿ ನೋಡಿದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ನಾಚಿಕೆಯಾಗಿ ಕೈ ಕೊಡವಿಕೊಂಡೆ. ಆಮೇಲೆ ಗೊತ್ತಾಯಿತು. ಅವತ್ತು ಅಮ್ಮನ ಅಳು ಎಷ್ಟು ಸಲ ತೆಗೆದರೂ ನಿರ್ದೇಶಕನಿಗೆ ಸಮಾಧಾನವಾಗಿರಲಿಲ್ಲ. "ಶಾಲೆಯಿಂದ ಫೋನ್ ಬಂದಿತ್ತಮ್ಮ, ನಿನ್ನ ಮಗಳು ಮಹಡಿಯಿಂದ ಬಿದ್ದಳಂತೆ," ಅಂದನಂತೆ. ಮೈಕ್ ತೆರೆದೇ ಇತ್ತು. ಅಮ್ಮ ಕುಸಿದು ಕಿರುಚಿದಳು. ಅವನು "ಓಕೆ!" ಅಂದು ಚಪ್ಪಾಳೆ ತಟ್ಟಿದ. ಸುಳ್ಳು ಕಣಮ್ಮ, ಗಾಬರಿಯಾಗಬೇಡ ಎಂದು ಎಲ್ಲರೂ ನಕ್ಕು ಹೇಳಿದರೂ ಅವಳ ಕಾಲು ನಿಲ್ಲಲಿಲ್ಲ.

ಆ ಅಳು ಮನೆಮಾತಾಯಿತು. ಅಪ್ಪನಂತೂ ಆ ಸುಳ್ಳನ್ನೇ ಒಂದು ಕತೆ ಮಾಡಿಕೊಂಡು ಕಂಡಕಂಡವರಿಗೆಲ್ಲ ಹೇಳಿದ. "ಎಂಥ ತಲೆ ನೋಡು ಅವನದು!" ಅನ್ನುತ್ತಿದ್ದ. ಅಮ್ಮ ಆ ಸಿನಿಮಾಗೆ ನಮ್ಮ ಜೊತೆ ಬಂದಳು. ಆ ದೃಶ್ಯ ಬರುವಾಗ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದಳು.

ಕೆಲವು ವರ್ಷ ಕಳೆದ ಮೇಲೆ ಗೋದಾಮಿನಲ್ಲಿ ಮೂಟೆಗಳ ಸಾಲು ಜಾರಿ ಅಪ್ಪನ ಮೇಲೆ ಬಿತ್ತು. ಮೀಸೆ ಮಾವ ಆಸ್ಪತ್ರೆಗೆ ಹೊತ್ತೊಯ್ದ. ನಾನೂ ಸೋದರತ್ತೆಯೂ ಹೋದೆವು, ನಮ್ಮನ್ನು ಒಳಗೆ ಬಿಡಲಿಲ್ಲ. ಅಮ್ಮ ಬರುವ ಹೊತ್ತಿಗೆ ಎಲ್ಲಾ ಮುಗಿದು ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಅವಳು ಬಟ್ಟೆ ಸರಿಸಿ ನೋಡಿದಳು. ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ.

"ಗಂಡ ಇಲ್ಲಿ ಸಾಯ್ತಿದ್ರೆ ಅಲ್ಲಿ ಯಾರ ಗಂಡನಿಗೋ ಅಳ್ತಾ ನಿಂತಿದ್ಲು ಮಹಾತಾಯಿ," ಎಂದಳು ಸೋದರತ್ತೆ. "ಇದ್ದ ಕಣ್ಣೀರೆಲ್ಲ ಮಾರ್ಕೊಂಡಳು. ಇವನಿಗೆಲ್ಲಿಂದ ಬರ್ಬೇಕು?"

ಅಮ್ಮ ಸ್ಟುಡಿಯೋಗೆ ಮತ್ತೆ ಹೋಗಲೇ ಇಲ್ಲ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನು ಸಾಕಿದಳು. ಅಷ್ಟರಲ್ಲಿ ಆ ನಿರ್ದೇಶಕನ ಇನ್ನೊಂದು ಸಿನಿಮಾ ಬಂತು. ಗಾರೆ ಕೆಲಸದವನೊಬ್ಬ ಕಟ್ಟಡದಿಂದ ಬಿದ್ದು ಸಾಯುತ್ತಾನೆ, ಅವನ ಹೆಂಡತಿ ಅಳುತ್ತಾಳೆ. ಅಮ್ಮನ ಕೊನೆಯ ಅಳು ಅದು. ಮೀಸೆ ಮಾವ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಪಕ್ಕದಲ್ಲಿ ಅಪ್ಪನಿಗೆಂದು ಖಾಲಿ ಬಿಟ್ಟ ಸೀಟಿನ ಮೇಲೆ ಕೈಯಿಟ್ಟುಕೊಂಡು ಬಿಕ್ಕಿದ. ನಾನೂ ಅತ್ತುಬಿಟ್ಟೆ. ನನಗೆ ಆ ಸಿನಿಮಾ ಅಪ್ಪನ ಹಾಗಾಯಿತು. ಎಲ್ಲಿ ಮತ್ತೆ ಹಾಕಿದರೂ ಹೋಗಿ ನೋಡಿಬರುತ್ತಿದ್ದೆ.

ಈಗ ನಾನು ಅದೇ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತೇನೆ. ತೋರಿಸುತ್ತಿದ್ದೆ. ಸೇರಿದ ದಿನವೇ ಮ್ಯಾನೇಜರ್ ಹೇಳಿಕೊಟ್ಟ ಪಾಠ ಒಂದೇ: "ಬೆಳಕು ಕಾಲಿನ ಮೇಲೆ ಬೀಳ್ಬೇಕು. ಯಾವ ಕಾರಣಕ್ಕೂ ಮುಖದ ಮೇಲೆ ಬೀಳ್ಬಾರ್ದು. ಕತ್ತಲಲ್ಲಿ ಕೂತೋರ ಮಾನ ನಮ್ಮ ಕೈಲಿರುತ್ತೆ."

ಹೋದ ತಿಂಗಳು ಮ್ಯಾನೇಜರ್ ನನ್ನನ್ನು ಕರೆದ. ಅವನ ಮುಖ ಹಿಗ್ಗಿತ್ತು. "ಗಾರೆಯವನ ಸಿನಿಮಾನ ಹೊಸದಾಗಿ ತೊಳೆದು ಬೆಳಗಿ ಮತ್ತೆ ಹಾಕ್ತಿದ್ದಾರಮ್ಮ. ಮೊದಲ ಆಟಕ್ಕೆ ನಿರ್ದೇಶಕರೇ ಬರ್ತಾರೆ. ಅದರಲ್ಲಿ ಅಳೋದು ನಿಮ್ಮಮ್ಮ ಅಲ್ವಾ? ಕರ್ಕೊಂಡು ಬಾ. ಸ್ಟೇಜ್ ಮೇಲೆ ಸನ್ಮಾನ ಮಾಡಿ, ಒಂದೇ ಒಂದು ಸಲ ಆ ಅಳು ಕೇಳಿಸಿಬಿಡೋಣ. ಜನ ಹುಚ್ಚೆದ್ದು ಹೋಗ್ತಾರೆ."

ನಾನು ಹಾರಿಕೊಂಡು ಮನೆಗೆ ಹೋದೆ. ಅಮ್ಮ ಪಾತ್ರೆ ಉಜ್ಜುತ್ತಿದ್ದಳು.

"ಅಮ್ಮಾ, ನಿನ್ನನ್ನ ಸ್ಟೇಜಿಗೆ ಕರೀತಾರಂತೆ!"

"ಯಾವ ಸಿನಿಮಾಗೆ?"

ಹೇಳಿದೆ. ಅವಳ ಕೈ ನಿಂತಿತು.

"ಅದನ್ನ ನಾನು ಇವತ್ತಿನವರೆಗೂ ನೋಡಿಲ್ಲ ಕಣೇ."

"ಯಾಕೆ?"

ಅಮ್ಮ ಕೈ ತೊಳೆದುಕೊಂಡು ಗೋಡೆಗೆ ಒರಗಿ ಕೂತಳು. "ನಿಮ್ಮಪ್ಪ ಹೋದ ದಿನ ನಾನು ತಡವಾಗಿ ಬಂದೆ ಅಂತ ನಿಮ್ಮ ಸೋದರತ್ತೆ ಈಗಲೂ ಅಂತಾಳಲ್ಲ, ತಡವಾಗಿದ್ದು ನಿಜ. ಯಾಕೆ ಅಂತ ಮಾತ್ರ ಯಾರೂ ಕೇಳ್ಲಿಲ್ಲ. ಅವತ್ತು ಆ ಗಾರೆಯವನ ಹೆಂಡ್ತಿಗೆ ಅಳ್ಬೇಕಿತ್ತು. ಮೈಕ್ ಮುಂದೆ ನಿಂತಿದ್ದೆ. ಅಸಿಸ್ಟೆಂಟ್ ಓಡಿಬಂದ. 'ಅಕ್ಕಾ, ನಿಮ್ಮ ಯಜಮಾನ್ರ ಮೇಲೆ ಮೂಟೆ ಬಿದ್ದಿದೆಯಂತೆ, ಆಸ್ಪತ್ರೆಲಿದ್ದಾರಂತೆ' ಅಂದ. ನಾನು ನಕ್ಕುಬಿಟ್ಟೆ."

"ನಕ್ಕೆಯಾ?"

"ನಗದೆ? 'ಹೋಗಿ ಸಾರ್, ಆಗ ಮಗಳನ್ನ ಬೀಳಿಸಿದ್ರಿ, ಈಗ ಗಂಡನ್ನ ಹೊಡೀತೀರಾ? ಈ ಸಲ ನಾನು ಮೋಸ ಹೋಗಲ್ಲ. ಸುಳ್ಳು ಹೇಳದೇ ಇದ್ರೂ ಅಳ್ತೀನಿ, ಮೈಕ್ ಹಾಕಿ' ಅಂದೆ. ಆ ಅಸಿಸ್ಟೆಂಟ್ ಮುಖ ಬಿಳಿಚಿಕೊಂಡಿತ್ತು. ಪರವಾಗಿಲ್ವೆ, ಇವನೂ ಚೆನ್ನಾಗಿ ನಟಿಸ್ತಾನೆ ಅಂದ್ಕೊಂಡೆ."

"ಅವನು ಏನಂದ? ಆ ನಿರ್ದೇಶಕ?"

"ನನ್ನ ಮುಖ ನೋಡಿದ. 'ಸರಿ, ಮೈಕ್ ಹಾಕಿ' ಅಂದ. ಅತ್ತೆ. 'ಇನ್ನೊಂದು ತಗೊಳ್ಳೋಣ' ಅಂದ. ಮತ್ತೆ ಅತ್ತೆ. ಓಕೆ ಅಂದಮೇಲೆ ಹತ್ತಿರ ಬಂದು, 'ಅಮ್ಮ, ಅದು ನಿಜವಾದ ಸುದ್ದಿ. ನನ್ನ ಕಾರಿದೆ, ಬೇಗ ಹೋಗು' ಅಂದ. ಕಾರು ಕೊಟ್ಟ. ಅದನ್ನೂ ಹೇಳ್ಬೇಕಲ್ಲ."

"ಯಾಕಮ್ಮ ಯಾರಿಗೂ ಹೇಳ್ಲಿಲ್ಲ?"

"ಅಳೋದೇ ಕಸುಬು, ಇದೂ ಒಂದು ನಾಟಕ ಅಂತಿದ್ರು. ಅವರ ಮುಂದೆ ಅಳೋಕೂ ಆಗ್ಲಿಲ್ಲ ಕಣೇ. ಬಾಯಿ ತೆರೆದ್ರೆ ಸ್ಟುಡಿಯೋದಲ್ಲಿ ಕೊಟ್ಟು ಬಂದ ದನಿಯೇ ಬರುತ್ತೆ ಅನ್ನಿಸ್ತು. ನಿಮ್ಮಪ್ಪನ ಮುಂದೆ ಅದನ್ನ ಹ್ಯಾಗೆ ಅಳ್ಲಿ?"

ಇಷ್ಟು ವರ್ಷ ಅಪ್ಪನನ್ನು ನೆನೆಯುತ್ತಾ ನಾನು ಕೇಳಿದ್ದು ಅಪ್ಪ ಸಾಯುತ್ತಿದ್ದ ಹೊತ್ತಿನ ಅಳು. ಅವನಿಂದ ಕಿತ್ತುಕೊಂಡ ಹೊತ್ತು ಅದು.

"ಇನ್ನು ಆ ಮನುಷ್ಯನ ಒಂದು ಸಿನಿಮಾನೂ ನೋಡಲ್ಲ," ಅಂದೆ. "ನೋಡಿದ್ದಕ್ಕೇ ಅಸಹ್ಯ ಆಗ್ತಿದೆ."

"ಸಿನಿಮಾ ಅವನೊಬ್ಬಂದೇನೇ?" ಅಂದಳು ಅಮ್ಮ. "ಬಿಸಿಲಲ್ಲಿ ಲೈಟು ಹೊತ್ತೋರಿದ್ರು. ನಡೆಯೋ ಸದ್ದು ಮಾಡೋಕೆ ಮರಳಿನ ತಟ್ಟೇಲಿ ದಿನವೆಲ್ಲಾ ಕಾಲಲ್ಲಿ ತುಳಿಯೋ ಮುದುಕ ಇದ್ದ. ನಾನಿದ್ದೆ. ನಿಮ್ಮಪ್ಪ ಆ ಮೊದಲ ಸಾಲಲ್ಲಿ ಕೂತು ಖುಷಿಪಟ್ಟಿದ್ದು ಸುಳ್ಳಾ? ಹೊತ್ತ ಮೂಟೆ ಮರೀತಿದ್ದದ್ದು ಅಲ್ಲೊಂದೇ ಕಡೆ. ಅದನ್ನೂ ಕಿತ್ಕೋಬೇಡ ಪುಟ್ಟಿ."

"ಹಾಗಂತ ಅವನಿಗೆ ಚಪ್ಪಾಳೆ ಹೊಡೀಬೇಕಾ?"

"ನೋಡು ಅಂದೆ. ಚಪ್ಪಾಳೆ ಹೊಡಿ ಅಂದೆನಾ?"

ಅವಳ ಮಾತು ನನಗೆ ಪೂರ್ತಿ ಇಳಿಯಲಿಲ್ಲ. ಈಗಲೂ ಇಳಿದಿಲ್ಲ. ಅಮ್ಮ ಎದ್ದು ಮತ್ತೆ ಪಾತ್ರೆಗೆ ಕೈ ಹಾಕಿದಳು. "ಬರ್ತೀನಿ ಅಂತ ಹೇಳು. ನಾನೇನು ಕೊಟ್ಟೆ ಅಂತ ಒಂದ್ಸಲ ನೋಡ್ಬೇಕು," ಅಂದಳು.

ಬೆಳಗಿನ ಆಟ. ಥಿಯೇಟರ್ ಕಿಕ್ಕಿರಿದಿತ್ತು. ಅಮ್ಮ ಮೀಸೆ ಮಾವನ ಪಕ್ಕ ಮೊದಲ ಸಾಲಿನಲ್ಲಿ ಕೂತಳು. ಮಾವನ ಮೀಸೆ ಈಗ ಬೆಳ್ಳಗಾಗಿದೆ. ನಾನು ಗೋಡೆಗೆ ಒರಗಿ ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಅವಳು ನಗುವ ಕಡೆ ನಕ್ಕಳು. ಆ ದೃಶ್ಯ ಬಂತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಥಿಯೇಟರಿನ ಎಲ್ಲಾ ಗೋಡೆಗಳಿಂದ ಅವಳ ಹರೆಯದ ದನಿ ಅಳುತ್ತಿತ್ತು. ಅವಳು ಕೈಕಟ್ಟಿಕೊಂಡು, ಬೇರೆ ಯಾರದೋ ಮನೆಯ ಸಾವಿಗೆ ಬಂದವಳಂತೆ ಕೂತು ಕೇಳಿದಳು. ನಾನು ಕಿವಿ ಮುಚ್ಚಿಕೊಂಡೆ.

ಆಟ ಮುಗಿಯಿತು. ಸ್ಟೇಜಿನ ಮೇಲೊಂದು ದೀಪ ಹತ್ತಿತು, ಉಳಿದದ್ದೆಲ್ಲ ಮಬ್ಬು. ನಿರ್ದೇಶಕ ಮುದುಕನಾಗಿದ್ದ. ಮೆತ್ತನೆಯ ದನಿ, ನಯವಾದ ಮಾತು. "ಸತ್ಯ ಪುಕ್ಕಟೆ ಸಿಗಲ್ಲ. ಅದಕ್ಕೆ ಬೆಲೆ ತೆರಬೇಕಾಗುತ್ತೆ," ಎಂದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅಮ್ಮನನ್ನು ಕರೆದ. ಹೂಗುಚ್ಛ ಕೊಟ್ಟ.

"ನಮ್ಮ ಅಳೋ ಅಕ್ಕ! ಇವರಿಗೋಸ್ಕರ ಒಂದೇ ಒಂದು ಸಲ ಆ ಅಳು ಕೇಳಿಸಮ್ಮ."

ಅಮ್ಮ ಮೈಕಿನ ಮುಂದೆ ಹೋದಳು. ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

"ಸಿನಿಮಾ ಇವತ್ತೇ ನೋಡಿದ್ದು. ಚೆನ್ನಾಗಿದೆ," ಎಂದಳು. "ನೀವೆಲ್ಲ ಅತ್ತಿದ್ದು ತಪ್ಪಲ್ಲ. ಆ ಅಳು ತೆಗೀವಾಗ ನನ್ನ ಗಂಡ ಆಸ್ಪತ್ರೇಲಿ ಸಾಯ್ತಿದ್ದ. ಸುದ್ದಿ ಬಂದಿತ್ತು. ನಾನು ಸುಳ್ಳು ಅಂದ್ಕೊಂಡೆ. ನಿಜ ಅಂತ ಈ ನಿರ್ದೇಶಕರಿಗೆ ಗೊತ್ತಿತ್ತು. ಹೇಳ್ಲಿಲ್ಲ. ಇನ್ನೊಂದು ತಗೊಳ್ಳೋಣ ಅಂದ್ರು. ಇನ್ನು ನನ್ನ ಹತ್ರ ಅಳು ಇಲ್ಲ ಸಾರ್."

ನಿರ್ದೇಶಕ ಮುಂದೆ ಬಂದು ಎರಡೂ ಕೈಯೆತ್ತಿದ. "ನೋಡಿದ್ರಾ! ಒಂದು ತೊಟ್ಟು ಕಣ್ಣೀರಿಲ್ಲದೆ ಅಳಿಸಿಬಿಟ್ಟಳು! ಕಲಾವಿದೆ ಅಂದ್ರೆ ಇವಳು!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿಳ್ಳೆ ಬಿತ್ತು. ಎಲ್ಲರೂ ಅದನ್ನು ಅಭಿನಯ ಅಂದುಕೊಂಡರು. ಅಮ್ಮ ಸ್ಟೇಜಿನ ನಡುವೆ ಬರಿಗಾಲಲ್ಲಿ ನಿಂತಿದ್ದಳು.

ನನ್ನ ಕೈಗೆ ಏನಾಯಿತೋ. ಟಾರ್ಚ್ ಹಾಕಿ ಅವನ ಮುಖಕ್ಕೆ ನೇರ ಹಿಡಿದೆ.

"ಸಾರ್, ಗೊತ್ತಿತ್ತೋ ಇಲ್ವೋ, ಅಷ್ಟು ಹೇಳಿ!"

ಅವನು ಕೈ ಅಡ್ಡ ಹಿಡಿದ. "ಯಾರದು? ಬೆಳಕು ತೆಗಿ."

ಮೊದಲ ಸಾಲಿನಿಂದ ಮೀಸೆ ಮಾವ ಎದ್ದ. "ಸ್ಟುಡಿಯೋಗೆ ಫೋನ್ ಮಾಡ್ದೋನು ನಾನೇ ಸಾರ್. ಅವನಿಗಿನ್ನೂ ಜ್ಞಾನ ಇತ್ತು. ಬಂದ್ಲಾ, ಬಂದ್ಲಾ ಅಂತ ಕೇಳ್ತಾನೇ ಇದ್ದ. ಈಯಮ್ಮನಿಗೆ ಸುದ್ದಿ ಮುಟ್ಟಲಿಲ್ಲ ಅಂದ್ಕೊಂಡಿದ್ದೆ ಇಷ್ಟು ವರ್ಷ. ನಿಮ್ಮ ಸಿನಿಮಾಗೆ ಶಿಳ್ಳೆ ಹೊಡ್ಕೊಂಡು ಬೆಳೆದೋರು ನಾವು. ಹೇಳಿ ಸಾರ್, ಗೊತ್ತಿತ್ತಾ?"

ಮೊದಲ ಸಾಲುಗಳಲ್ಲಿ ಚಪ್ಪಾಳೆ ನಿಂತಿತು. ಹಮಾಲಿಗಳು, ಗಾಡಿ ತಳ್ಳುವವರು, ಗಾರೆಯವರು ಒಬ್ಬೊಬ್ಬರಾಗಿ ಕೈ ಕೆಳಗಿಳಿಸಿದರು. "ಹೇಳಿ ಸಾರ್," ಎಂದಿತು ಒಂದು ದನಿ. "ಹೇಳಿ," ಎಂದಿತು ಇನ್ನೊಂದು. ಹಿಂದಿನ ಮೆತ್ತನೆ ಸೀಟುಗಳಲ್ಲಿ ಮಾತ್ರ ಚಪ್ಪಾಳೆ ನಿಲ್ಲಲಿಲ್ಲ.

"ಬಹಳ ಹಳೇ ಮಾತು ಅದು," ಎಂದ ನಿರ್ದೇಶಕ. "ಸಿನಿಮಾ ಉಳಿದಿದೆಯಲ್ಲ. ಅದನ್ನ ನೋಡಿ."

ಮ್ಯಾನೇಜರ್ ಓಡಿಬಂದು ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡ. ನಾಳೆಯಿಂದ ಬರಬೇಡ ಅಂದ. ಹಾಡು ಹಾಕಿ ದೀಪಗಳನ್ನೆಲ್ಲ ಹೊತ್ತಿಸಿದರು. ಹೊರಗೆ ಹೋಗುತ್ತಾ ಯಾರೋ ಹೇಳುತ್ತಿದ್ದರು: "ಏನೇ ಅನ್ನು, ಆ ಅಳು ಮಾತ್ರ ಅದ್ಭುತ."

ಅಮ್ಮ ಹೂಗುಚ್ಛವನ್ನು ಮೊದಲ ಸಾಲಿನ ಖಾಲಿಯಾದ ಸೀಟಿನ ಮೇಲಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹೊರಟಳು. ಬಿಸಿಲಿತ್ತು. ಮೀಸೆ ಮಾವ ಹತ್ತು ಹೆಜ್ಜೆ ಹಿಂದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ರಸ್ತೆ ದಾಟಿದ ಮೇಲೆ ಅಮ್ಮ ಒಂದು ಅಂಗಡಿಯ ಮುಚ್ಚಿದ ಬಾಗಿಲಿಗೆ ಕೈಯೂರಿ ನಿಂತಳು.

"ಬಂದ್ಲಾ ಅಂತ ಕೇಳ್ತಿದ್ನಂತೆ ಕಣೇ," ಎಂದಳು.

ಆಗ ಅತ್ತಳು. ಅದು ಚೆನ್ನಾಗಿರಲಿಲ್ಲ. ದನಿ ಏಳಲಿಲ್ಲ, ಉಸಿರು ಸಿಕ್ಕಿಹಾಕಿಕೊಂಡು ಬಿಕ್ಕಳಿಕೆಯಂತಾಯಿತು, ಮೂಗು ಸೋರಿತು, ನಡುವೆ ಕೆಮ್ಮು ಬಂತು. ಹಾದುಹೋಗುವವರು ಮುಖ ತಿರುಗಿಸಿಕೊಂಡರು. ಅಂಥ ಅಳುವಿಗೆ ಯಾವ ಸ್ಟುಡಿಯೋದಲ್ಲೂ ಓಕೆ ಸಿಗುವುದಿಲ್ಲ.