ಸಾತಿಬಾಲ್ಡಿಯ ಕೊನೆಯ ಮಾತು

ನನ್ನ ಗಂಡ ಸಾತಿಬಾಲ್ಡಿ ತೀರಿಕೊಂಡ ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಅವನ ಬಾಯಿಗೆ ತುರುಕಲು ಎರಡು ಸುಳ್ಳುಗಳು ತಯಾರಾಗಿದ್ದವು. ಒಂದು ಊರಿನದು, ಇನ್ನೊಂದು ನಮ್ಮ ಕ್ರೈಸ್ತ ಸಭೆಯದು. ಹೇಳಬೇಕಾದವಳು ನಾನು. ಉಸಿರು ನಿಲ್ಲುವಾಗ ಅವನ ಹತ್ತಿರ ಇದ್ದವಳು ನಾನೊಬ್ಬಳೇ.

ಊರಿನ ಸುಳ್ಳನ್ನು ತಂದವನು ಮೊಲ್ಲಾ ಟೋಕ್ಟೋಸುನ್. ಹೆಣ ಮಲಗಿಸಲೆಂದು ಅಂಗಳದಲ್ಲಿ ಎಬ್ಬಿಸಿದ್ದ ಉಣ್ಣೆಯ ಗುಡಾರದ ಬಾಗಿಲವರೆಗೆ ಬಂದ, ಒಳಗೆ ಕಾಲಿಡಲಿಲ್ಲ. ನಾನು ಕಪ್ಪು ಉಟ್ಟು, ವಿಧವೆಯರ ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತಿದ್ದೆ.

“ನೋಡಮ್ಮ ಅನಾರ್ಕುಲ್, ನಾನೇನು ಕಲ್ಲುಮನಸ್ಸಿನವನಲ್ಲ. ಸಾಯೋ ಹೊತ್ತಲ್ಲಿ ಅವನು ಕಲಿಮಾ ಹೇಳಿದ ಅಂತ ನಾಲ್ಕು ಜನರ ಮುಂದೆ ಒಂದು ಮಾತು ಅಂದ್ಬಿಡು. ಅವರಪ್ಪನ ಪಕ್ಕದಲ್ಲೇ ಮಲಗಿಸ್ತೀವಿ. ಇಲ್ಲಾಂದ್ರೆ ನಮ್ಮ ಮಣ್ಣಲ್ಲಿ ಅವನಿಗೆ ಜಾಗ ಇಲ್ಲ.”

“ಆಹಾ, ನಿಮ್ಮ ಮಣ್ಣು! ಆ ಸ್ಮಶಾನದ ಗೋಡೆ ಬಿದ್ದಾಗ ಕಟ್ಟಿಕೊಟ್ಟವನು ಯಾರು? ಇವನೇ ಅಲ್ವಾ?”

“ಕಟ್ಟಿದಾಗ ಮುಸಲ್ಮಾನನಾಗಿದ್ದ,” ಎಂದ ಮೊಲ್ಲಾ.

ಅವನು ಹೋದದ್ದೇ ತಡ, ಅತ್ತೆ ಬರ್ಮೆತ್ ಬಂದವರಿಗೆಂದು ಬೋರ್ಸೋಕ್ ರೊಟ್ಟಿ ಕರಿಯುತ್ತಿದ್ದ ಒಲೆ ಬಿಟ್ಟು ಓಡಿ ಬಂದಳು. ನಾವಿಬ್ಬರೂ ಯೇಸುವನ್ನು ನಂಬಿದಂದಿನಿಂದ ಅವಳು ನನ್ನ ಕೈಯ ಚಹಾ ಮುಟ್ಟಿದವಳಲ್ಲ. ಮನೆಗೆ ಮಾರಿ ತಂದವಳು ಎಂದೇ ನನ್ನನ್ನು ಕರೆಯುತ್ತಿದ್ದಳು. ಅಂಥವಳು ಇಂದು ನನ್ನ ತೋಳು ಹಿಡಿದಳು.

“ನಿನ್ನ ದಮ್ಮಯ್ಯ ಕಣೇ, ಹೇಳ್ಬಿಡು. ಸತ್ತವನಿಗೇನು ಗೊತ್ತಾಗುತ್ತೆ? ನಾಳೆ ನನ್ನನ್ನೂ ಅಲ್ಲೇ ಹೂಳ್ತಾರೆ. ನನ್ನ ಮಗ ಎಲ್ಲೋ, ನಾನೆಲ್ಲೋ ಆಗ್ಬೇಕಾ?”

ಒಂದು ಕ್ಷಣ, ಹೇಳಿಯೇಬಿಡೋಣ ಅನ್ನಿಸಿತು. ಈ ಮುದುಕಿಯ ಎದುರು ನನ್ನ ನಿಜ ಎಷ್ಟರದು?

ಅಷ್ಟರಲ್ಲಿ ಪಟ್ಟಣದಿಂದ ನಮ್ಮ ಸಭೆಯ ಹಿರಿಯ ಕುಬಾತ್ ಕಾರಿನಲ್ಲಿ ಬಂದಿಳಿದ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ, “ಅಕ್ಕಾ, ಇದರಲ್ಲೂ ದೇವರ ಉದ್ದೇಶ ಇದೆ. ಊರಿಗೆ ಊರೇ ಸೇರಿದೆ ನೋಡಿ. ಅವನು ಹಾಡ್ತಾ ಸಮಾಧಾನದಿಂದ ಹೋದ ಅಂತ ಸಾಕ್ಷಿ ಹೇಳಿ. ಎಷ್ಟು ಮನಸ್ಸು ಕರಗಬಹುದು!”

“ಅವನು ಹಾಡಲಿಲ್ಲ.”

“ಮನಸ್ಸಲ್ಲೇ ಹಾಡಿರಬಹುದಲ್ವಾ?”

ಮೈಯೆಲ್ಲ ಉರಿದುಹೋಯಿತು. ಚಳಿಗಾಲವಿಡೀ ಹೊಟ್ಟೆಯ ಹುಣ್ಣು ನನ್ನ ಗಂಡನನ್ನು ಒಳಗಿನಿಂದ ತಿಂದಿತ್ತು. ಅಮ್ಮನಿಗೆ ಕೇಳಿಸಬಾರದೆಂದು ಅವನು ರಜಾಯಿ ಕಚ್ಚಿ ನರಳುತ್ತಿದ್ದ. ಈ ಕುಬಾತ್ ಒಮ್ಮೆ ಕಿತ್ತಳೆ ತಂದುಕೊಟ್ಟು, ಉದ್ದೇಶ ಅಂದು, ಹೊರಟುಹೋಗಿದ್ದ. ಗಟ್ಟಿಮುಟ್ಟಾಗಿರುವವರಿಗೆ ಆ ಮಾತು ಎಷ್ಟು ಸಲೀಸು!

“ನಿನಗೂ ಮೊಲ್ಲಾನಿಗೂ ಏನಪ್ಪಾ ವ್ಯತ್ಯಾಸ? ಇಬ್ಬರಿಗೂ ಸುಳ್ಳೇ ಬೇಕು,” ಎಂದೆ. ಅವನ ಮುಖ ಸಪ್ಪಗಾಯಿತು.

ಹೊರಗೆ ಗದ್ದಲವೆದ್ದಿತು. ಗುಡಾರ ಕೊಟ್ಟಿದ್ದ ಅತ್ತೆಯ ಚಿಕ್ಕಪ್ಪನ ಮಗ ಆಳುಗಳೊಂದಿಗೆ ಬಂದು ಹಗ್ಗ ಬಿಚ್ಚುತ್ತಿದ್ದ.

“ಕಾಫಿರನ ಹೆಣ ಮಲಗಿದ ಗುಡಾರದಲ್ಲಿ ನಾಳೆ ನನ್ನ ಮಕ್ಕಳು ಮಲಗ್ಬೇಕಾ? ಬಿಚ್ಚ್ರೋ!”

ಉಣ್ಣೆಯ ಹೊದಿಕೆಗಳನ್ನು ಒಂದೊಂದಾಗಿ ಎಳೆದುಕೊಂಡರು. ಮರದ ಜಾಲರಿಯಷ್ಟೇ ಉಳಿಯಿತು. ಒಳಗೆ ಬಿಳುಚಿಕೊಂಡು ಮಲಗಿದ್ದ ಸಾತಿಬಾಲ್ಡಿ ದಾರಿಹೋಕರಿಗೆಲ್ಲ ಕಾಣುವಂತಾದ. ಅತ್ತೆ ತನ್ನ ತಲೆಯ ಬಿಳಿ ವಸ್ತ್ರವನ್ನು ಕಿತ್ತು ಮಗನ ಮುಖದ ಮೇಲೆ ಹೊದಿಸಿದಳು. ನಮ್ಮಲ್ಲಿ ಆ ವಯಸ್ಸಿನ ಹೆಂಗಸು ಬರಿದಲೆಯಲ್ಲಿ ಗಂಡಸರೆದುರು ನಿಲ್ಲುವುದೆಂದರೆ ಸತ್ತಂತೆಯೇ.

ಹೆಣ ಎತ್ತುವವರೆಗೆ ವಿಧವೆ ಏಳಬಾರದು. ನಾನು ಎದ್ದೆ. ಜಾಲರಿ ಹಿಡಿದು ಎಲ್ಲರಿಗೂ ಕೇಳುವಂತೆ ಕೂಗಿದೆ.

“ಕೇಳ್ರಯ್ಯಾ! ಅವನು ಕಲಿಮಾ ಹೇಳಲಿಲ್ಲ. ಹಾಡಲೂ ಇಲ್ಲ. ‘ಇದರಲ್ಲಿ ಏನು ಉದ್ದೇಶ ಇದೆಯೋ ನಂಗೊಂದೂ ತಿಳೀಲಿಲ್ಲ ಅನಾರ್. ಯೇಸುವಿಗೆ ತಿಳಿದಿದ್ರೆ ಸಾಕು. ನಾನಂತೂ ಬೇರೆ ಬಾಗಿಲಿಗೆ ಹೋಗಲ್ಲ’ ಅಂದ. ಆಮೇಲೆ ನೀರು ಕೇಳ್ದ. ತರೋದ್ರೊಳಗೆ ಹೋಗಿಬಿಟ್ಟ. ಅಷ್ಟೇ!”

“ಹಾಗಾದ್ರೆ ನಾಯಿ ಹೂತಂಗೆ ಹಿತ್ತಲಲ್ಲಿ ಹೂತ್ಕೋ,” ಎಂದು ಯಾರೋ ಉಗಿದರು.

ಹಿತ್ತಲಿನ ಆಲೂಗಡ್ಡೆ ಪಾತಿಯಲ್ಲೇ ಅಗೆದೆವು. ನೆಲ ಇನ್ನೂ ಹೆಪ್ಪುಗಟ್ಟಿತ್ತು. ಕುಬಾತ್ ಅಂಗೈ ಕಿತ್ತು ರಕ್ತ ಬರುವವರೆಗೆ ಅಗೆದ. ಆ ಮಟ್ಟಿಗೆ ಅವನನ್ನು ಒಪ್ಪಬೇಕು. ನಾವೆಲ್ಲಿ ಹೆಣವನ್ನು ಸ್ಮಶಾನಕ್ಕೆ ಹೊತ್ತುಬಿಡುತ್ತೇವೋ ಎಂದು ಊರಿನವರು ಬೇಲಿಯುದ್ದಕ್ಕೂ ಕಾವಲು ನಿಂತಿದ್ದರು.

ಮಣ್ಣು ಮಾಡುವ ಮುಂಚೆ ನಮ್ಮಲ್ಲಿ ನೆರೆದವರನ್ನು ಒಂದು ಪ್ರಶ್ನೆ ಕೇಳುತ್ತಾರೆ: ಇವನು ಎಂಥವನಾಗಿದ್ದ? ಒಳ್ಳೆಯವನಾಗಿದ್ದ ಎಂದು ಎಲ್ಲರೂ ಹೇಳಬೇಕು. ಕುದುರೆ ಕದ್ದವನಿಗೂ ಇದೇ ಉತ್ತರ. ಕೇಳುವುದು ಮನೆಯ ಗಂಡಸರ ಕೆಲಸ. ನಮ್ಮ ಪಾಲಿಗೆ ಅಂಥವರು ಯಾರೂ ಉಳಿದಿರಲಿಲ್ಲವಾದ್ದರಿಂದ ಬೇಲಿಯ ಕಡೆ ತಿರುಗಿ ನಾನೇ ಕೇಳಿದೆ.

“ನನ್ನ ಗಂಡ ಎಂಥವನಾಗಿದ್ದ?”

ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡರು. ಟೋಕ್ಟೋಸುನ್ ಬೆಟ್ಟದ ಕಡೆ ನೋಡಿದ. ಮತ್ತೆ ಕೇಳಿದೆ. ‘ಇದೇನಾ ನಿನ್ನ ಉದ್ದೇಶ?’ ಎಂದು ಒಳಗೊಳಗೇ ದೇವರ ಮೇಲೆ ಕೂಗಾಡಿದೆ. ಆದರೂ ಕೂಗಾಡಲು ನನಗಿದ್ದವನು ಅವನೊಬ್ಬನೇ.

ಆಗ ಅತ್ತೆ ಬರಿದಲೆಯಲ್ಲೇ ಗುಂಡಿಯ ಅಂಚಿಗೆ ಬಂದಳು.

“ಒಳ್ಳೆಯವನಾಗಿದ್ದ!” ಎಂದು ಬೇಲಿಯ ಕಡೆ ಕಿರುಚಿದಳು. “ಸಾಯುವಾಗ ಒಂದು ಸುಳ್ಳು ಹೇಳಿದ್ರೆ ಒಳ್ಳೇ ಜಾಗ ಸಿಗ್ತಿತ್ತು, ಅದೂ ಬೇಡ ಅಂದ. ಕೇಳಿಸ್ತೇನೋ ಟೋಕ್ಟೋಸುನ್? ನನ್ನ ಮಗ ಒಳ್ಳೆಯವನಾಗಿದ್ದ!”

ನಾನು ಅವಳ ಕೈ ಹಿಡಿಯಹೋದೆ. ಕೊಡವಿಕೊಂಡಳು.

“ಮುಟ್ಬೇಡ. ನಿನ್ನ ದೇವರೂ ಬೇಡ, ಅವನ ಉದ್ದೇಶವೂ ಬೇಡ. ನಿನ್ನನ್ನ ನಾನು ಕ್ಷಮಿಸಿಲ್ಲ.” ಪಾತಿಯ ಎಡಬದಿಯನ್ನು ಕಾಲಿನಿಂದ ಒತ್ತಿ ತೋರಿಸಿದಳು. “ಈ ಕಡೆ ಏನೂ ನೆಡಬೇಡ. ನಾನು ಸತ್ತಾಗ ಇಲ್ಲೇ ಹಾಕು.”