ಇಪ್ಪತ್ನಾಲ್ಕು ಪೆಟ್ಟಿಗೆ, ಒಂದೇ ಟ್ರಿಪ್ಪು

ಒಂಬತ್ತನೇ ತಿರುವಿನಲ್ಲಿ ಆ ಪಿಕಪ್ಪಿನ ಬಾನೆಟ್ಟಿನಿಂದ ಎದ್ದ ಹಬೆಯನ್ನು ದೂರದಿಂದ ನೋಡಿದವರು, ಬೆಟ್ಟವೇ ಸ್ನಾನಕ್ಕೆ ನೀರು ಕಾಯಿಸುತ್ತಿದೆ ಎಂದುಕೊಳ್ಳಬೇಕು, ಹಾಗಿತ್ತು. ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ, ಊರೆಲ್ಲ ಹನ್ನೆರಡಾಳು ಎಂದು ಕರೆಯುವ ಮನುಷ್ಯ ಮಾತ್ರ ಹಾಗೆಂದುಕೊಳ್ಳಲಿಲ್ಲ.

"ಮಂಜು," ಎಂದ. "ಬೆಟ್ಟ ಅಂದ್ಮೇಲೆ ಮಂಜು ಇರತ್ತೆ."

"ಹತ್ತೂವರೆ ಬಿಸಿಲಲ್ಲಿ, ನಮ್ಮ ಬಾನೆಟ್ಟಿಂದ ಮಾತ್ರ ಏಳೋ ಮಂಜಾ ಭಾವ?" ಎಂದಳು ಪಕ್ಕದಲ್ಲಿದ್ದ ನಾದಿನಿ, ಅವನ ಹೆಂಡತಿಯ ತಂಗಿ. "ಮೊದಲು ಗಾಡಿ ನಿಲ್ಸಿ."

ನಿಲ್ಲಿಸುವ ಶ್ರಮವನ್ನು ಗಾಡಿ ಅವನಿಗೆ ಕೊಡಲಿಲ್ಲ. ಎರಡು ಸಲ ಕೆಮ್ಮಿ, ರಸ್ತೆಯಂಚಿನ ಒಂದು ಮರದ ಅರೆನೆರಳಿಗೆ ಮೂತಿ ತೂರಿಸಿ, ತಾನೇ ನಿಂತುಬಿಟ್ಟಿತು.

ಮೂವತ್ತು ವರ್ಷ ಊರವರ ಸಾಮಾನು ಸಾಗಿಸಿದ ಮನುಷ್ಯ ಅವನು. ಯಾವ ಕೆಲಸದ ಮಾತು ಬಂದರೂ "ಹನ್ನೆರಡಾಳು ಮಾಡೋದನ್ನ ಒಬ್ಬನೇ ಮಾಡ್ದೆ" ಎಂದೇ ಶುರು ಮಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು, ಅಂದರೆ ದಿನಾ. ಒಂದು ಸಲ ಕೆಸರಲ್ಲಿ ಹೂತಿದ್ದ ಲಾರಿಯನ್ನು ಅವನ ಪಿಕಪ್ಪು ಎಳೆದಾಗ, ಲಾರಿಯ ಜೊತೆ ರಸ್ತೆಯೂ ನಾಲ್ಕು ಮಾರು ಬಂದಿತ್ತಂತೆ. ಇಂಥ ಗಾಡಿಯ ಶಾಖ ತೋರಿಸುವ ಮುಳ್ಳು ಎರಡು ತಿಂಗಳಿಂದ ಏರು ಕಂಡಲ್ಲೆಲ್ಲ ಕೆಂಪಿಗೆ ಹೋಗಿ ನಿಲ್ಲುತ್ತಿತ್ತು. ಗಾಡಿಗೆ ಕಾಯಿಲೆ ಎಂದು ಒಪ್ಪುವುದುಂಟೆ? ಮುಳ್ಳೇ ಸುಳ್ಳುಬುರುಕ ಎಂದು ತೀರ್ಮಾನಿಸಿ ಅದರ ಮೇಲೆ ಕರಿ ಟೇಪು ಅಂಟಿಸಿದ್ದ.

ಹಿಂದಿನ ಟ್ರೇಲರಿನಲ್ಲಿ ಇಪ್ಪತ್ನಾಲ್ಕು ಜೇನುಪೆಟ್ಟಿಗೆಗಳಿದ್ದವು. ಎರಡೇ ಪೆಟ್ಟಿಗೆಯಿಂದ ಶುರು ಮಾಡಿದ ನಾದಿನಿ ಆರು ವರ್ಷ ಒದ್ದಾಡಿ ಅಷ್ಟು ಮಾಡಿದ್ದಳು. ಕೆಳಗಿನ ತೋಟಗಳಲ್ಲಿ ಹೂವು ಮುಗಿದಿತ್ತು, ಬೆಟ್ಟದ ಮೇಲೆ ಈಗಷ್ಟೇ ಅರಳಿತ್ತು. ಬೆಳಕು ಹರಿಯುವ ಮೊದಲೇ ಹೊರಟು ಎರಡು ಟ್ರಿಪ್ಪು ಮಾಡೋಣ, ಬಿಸಿಲೇರಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಹುಳ ಬೆಂದುಹೋಗುತ್ತವೆ ಎಂದು ಅವಳು ಹೇಳಿಯೇ ಇದ್ದಳು. "ಎರಡು ಟ್ರಿಪ್ಪಾ? ನನ್ನ ಗಾಡಿಗಾ?" ಎಂದು ಭಾವ ಎದೆ ಮುಟ್ಟಿಕೊಂಡಿದ್ದ. ಎಲ್ಲವನ್ನೂ ಒಂದೇ ಸಲಕ್ಕೆ ಏರಿಸಿ, ಬೀದಿಯವರನ್ನೆಲ್ಲ ಕರೆದು ತೋರಿಸಿ, ಹಗ್ಗ ಬಿಗಿದ ಚಂದಕ್ಕೆ ಹನ್ನೊಂದು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ಎಂಟು ಗಂಟೆ.

ಈಗ ತಿರುವಿನಲ್ಲಿ ಗಾಡಿ ನಿಂತ ಹೊತ್ತಿಗೇ ಫೋನು ಬಡಿದುಕೊಂಡಿತು. ಹೆಂಡತಿ.

"ಎಲ್ಲಿದೀರಿ?"

"ಮೇಲೆ ತಲುಪೇಬಿಟ್ವಿ ಅನ್ನು. ಗಾಡಿ ಹಕ್ಕಿ ಥರ ಹಾರ್ತಿದೆ ಕಣೇ!"

ಹಕ್ಕಿ ಮುಂದೆ ಬುಸುಗುಡುತ್ತಿತ್ತು. ನಾದಿನಿ ಅಷ್ಟರಲ್ಲಿ ಕೆಳಗಿಳಿದು, ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರೇಲರಿನ ನಡುವಿನ ಪೆಟ್ಟಿಗೆಗೆ ಕಿವಿಯಾನಿಸಿ ನಿಂತಿದ್ದಳು. ಬೆಳಿಗ್ಗೆ ತಗ್ಗಿದ ದನಿಯಲ್ಲಿ ಗುನುಗುತ್ತಿದ್ದ ಪೆಟ್ಟಿಗೆ ಈಗ ಕಿರುಚುತ್ತಿತ್ತು.

ಹನ್ನೆರಡಾಳು ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಕೈ ಹಾಕಿದ. ದಾರಿಯಲ್ಲಿ ಪೆಟ್ಟಿಗೆಗಳ ಜಾಲರಿಗೆ ಚಿಮುಕಿಸಲೆಂದು ಅವಳು ತಂದಿದ್ದ ನೀರು.

"ಅದು ಹುಳಕ್ಕೆ ಭಾವ."

"ರೇಡಿಯೇಟರಿಗೆ ಹಾಕಿದ್ರೆ ಐದು ನಿಮಿಷದಲ್ಲಿ ಹೊರಡ್ತೀವಮ್ಮ. ಗಾಡಿ ಓಡಿದ್ರೆ ಗಾಳಿ, ಗಾಳಿ ಆಡಿದ್ರೆ ನಿನ್ನ ಹುಳ ತಣ್ಣಗೆ. ಲೆಕ್ಕ ಸರಿಯಾಗಿಲ್ವಾ?"

"ರೇಡಿಯೇಟರ್ ಮುಚ್ಚಳ ಈಗ ತೆಗೆದ್ರೆ ನಿಮ್ಮ ಮುಖದ ಚರ್ಮ ಆ ಮರದ ಮೇಲಿರತ್ತೆ. ತಣ್ಣಗಾಗೋಕೆ ಮುಕ್ಕಾಲು ಗಂಟೆ ಬೇಕು. ಇವಕ್ಕೆ ಕಾಲು ಗಂಟೆನೂ ಇಲ್ಲ." ಅವಳ ದನಿ ಏರಲಿಲ್ಲ. ಬೈದಿದ್ದರೆ ಅವನಿಗೆ ಹಿತವಾಗುತ್ತಿತ್ತು. ಬೈಗುಳಕ್ಕೆ ಉತ್ತರಗಳ ಗೋದಾಮೇ ಇತ್ತು ಅವನಲ್ಲಿ.

ಅವನು ಕ್ಯಾನು ಬಿಟ್ಟ. ಅವಳು ಒಂದೊಂದೇ ಜಾಲರಿಯ ಮೇಲೆ ನೀರು ಸುರಿದಳು. ಕ್ಯಾನು ಬರಿದಾಯಿತು, ದನಿ ಇಳಿಯಲಿಲ್ಲ. ಒಂದು ಪೆಟ್ಟಿಗೆಯ ಅಡಿಯಿಂದ ಕರಗಿದ ಮೇಣ ಬೆರೆತ ಜೇನು ಎಳೆಯಾಗಿ ಇಳಿಯತೊಡಗಿತು. ಅವಳು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ಸೆರಗನ್ನು ತಲೆಗೆ ಸುತ್ತಿಕೊಂಡಳು.

"ಪೆಟ್ಟಿಗೆ ಬಾಗಿಲು ತೆಗೀತೀನಿ. ನೀವು ಗಾಡಿ ಒಳಗೆ ಹೋಗಿ."

ಹುಲಿಯ ಬಾಲ ಹಿಡಿದು ತಿರುಗಿಸಿದ ಕಥೆಯನ್ನು ನೂರು ಸಲ ಹೇಳಿದ್ದ ಮನುಷ್ಯ, ಮೊದಲ ಹುಳ ಹೊರಬರುವ ಮೊದಲೇ ಕ್ಯಾಬಿನ್ನಿನಲ್ಲಿದ್ದ. ಗಾಜು ಏರಿಸಿ, ಕಿಂಡಿಗಳಿಗೆ ಬಟ್ಟೆ ತುರುಕಿದ. ಹೊರಗೆ ಇಪ್ಪತ್ನಾಲ್ಕು ಬಾಗಿಲುಗಳಿಂದ ಹೊಗೆಯಂತೆ ಎದ್ದ ಹುಳಗಳಿಗೆ ಸೂರ್ಯ ಒಂದು ಗಳಿಗೆ ಕಂದಿಹೋದ.

ಒಳಗೆ ಎರಡು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿತು. ಐದಕ್ಕೆ ಹುಬ್ಬಿನಿಂದ ಬೆವರು ಕಣ್ಣಿಗಿಳಿಯಿತು. ಮುಂದಿನ ಇಂಜಿನ್ನಿನ ಕಾವು ಕಾಲ ಬಳಿ, ನೆತ್ತಿಯ ಮೇಲೆ ಕಾದ ತಗಡು. ಎಂಟನೇ ನಿಮಿಷಕ್ಕೆ ಉಸಿರು ಸಾಲದೆ ಬಾಯಿ ತೆರೆದ. ಅವನ ಬಾಯಿ ತೆರೆದು ಮಾತು ಬಾರದ್ದು ಹುಟ್ಟಿದಾರಭ್ಯ ಅದೇ ಮೊದಲು. ಹಿಂದಿನ ಗಾಜಿನಲ್ಲಿ ಸಾಲಾಗಿ ಆ ಪೆಟ್ಟಿಗೆಗಳು ಕಾಣುತ್ತಿದ್ದವು. ತಾನೇ ಬಿಗಿದ ಹಗ್ಗ. ಅವನು ತುಂಬ ಹೊತ್ತು ಅತ್ತಲೇ ನೋಡಿದ. ಆಮೇಲೆ ಬಾಗಿಲು ತೆರೆದು ಇಳಿದ.

ಕಿವಿಯ ಹಿಂದೆ ಒಂದು, ಮೂಗಿನ ತುದಿಗೆ ಒಂದು ಕುಟುಕಿತು. ಮುಂದೆ ಅವನು ಹೇಳುವ ಕಥೆಯಲ್ಲಿ ಇದು ಇನ್ನೂರಾಗಲಿತ್ತು. ಆ ದಿನ ಎರಡೇ.

"ಎಷ್ಟು ಹೋದವು?" ಎಂದ, ನೆಲ ನೋಡುತ್ತ.

"ಒಂದು ಪೆಟ್ಟಿಗೆ ಅರ್ಧ ಹೋಗಿದೆ. ಮಿಕ್ಕಿದ್ದು ಉಳಿಯುತ್ವೆ ಅನ್ಸತ್ತೆ." ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. "ಅಲ್ನೋಡಿ. ಎಲ್ಲ ಒಂದೇ ದಿಕ್ಕಿಗೆ ಹೋಗಿ ಬರ್ತಿವೆ."

"ಹೂವಿಗಾ?"

"ಸೆಕೆಗೆ ಹೂವು ಯಾರಿಗೆ ಬೇಕು? ನೀರಿಗೆ."

ಅವನು ಖಾಲಿ ಕ್ಯಾನು ಎತ್ತಿಕೊಂಡು ಹುಳಗಳ ದಾರಿ ಹಿಡಿದ. ಮುಳ್ಳುಪೊದೆ ದಾಟಿ, ಬಂಡೆಯ ಬೆನ್ನಿಗೆ ಹೋದರೆ ಪಾಚಿಯ ಮೇಲೆ ನೂರಾರು ಹುಳಗಳು ಸಾಲಾಗಿ ಕೂತು ನೀರು ಹೀರುತ್ತಿದ್ದವು. ದಾರದ ಎಳೆಯಷ್ಟು ಸಣ್ಣ ಒಸರು. ಅವುಗಳ ಪಾಲಿಗೆ ಅಡ್ಡಬಾರದಂತೆ ಕೆಳಗಿನ ಕಲ್ಲಿಗೆ ಎಲೆಯೊಂದನ್ನು ಸಿಕ್ಕಿಸಿ ಕ್ಯಾನು ಹಿಡಿದ. ತುಂಬಲು ಒಂದು ಗಂಟೆ ಬೇಕಾಯಿತು. ಒಂದು ಗಂಟೆ ಒಂದೇ ಕಡೆ ಕುಕ್ಕರಗಾಲಲ್ಲಿ!

ರೇಡಿಯೇಟರು ಕುಡಿದೇ ಕುಡಿಯಿತು. ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. "ರೆಡಿ! ಹೊರಡೋಣ್ವಾ?"

"ಮನೆ ಕಿತ್ಕೊಂಡು ಹೋದ್ರೆ, ಕೆಲಸಕ್ಕೆ ಹೋದೋರು ಸಂಜೆ ಎಲ್ಲಿಗೆ ಬರ್ತಾರೆ ಭಾವ? ಎಲ್ಲ ವಾಪಸ್ ಬರೋ ತನಕ ಕದಲೋ ಹಾಗಿಲ್ಲ. ನಿಮಗೆ ಕೆಲಸ ಇದ್ರೆ ಟ್ರೇಲರ್ ಬಿಚ್ಚಿಟ್ಟು ಹೋಗಿ, ನಾನಿರ್ತೀನಿ."

ಅವನು ಇಂಜಿನ್ನು ಆರಿಸಿದ. ಉಗುರಿನಿಂದ ಕೆರೆದು ಕರಿ ಟೇಪನ್ನು ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಆಮೇಲೆ ಬಂದು ಅವಳಿಂದ ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತ. ಬುತ್ತಿ ಬಿಚ್ಚಿ ಇಬ್ಬರೂ ತಿಂದರು.

ನಾಲ್ಕಕ್ಕೆ ಮತ್ತೆ ಫೋನು. "ಮೇಲೆ ಇಳಿಸಿ ಆಯ್ತಾ?"

"ಇಲ್ಲ ಕಣೇ. ಒಂಬತ್ತನೇ ತಿರುವಲ್ಲೇ ಇದೀವಿ, ಬೆಳಿಗ್ಗೆಯಿಂದ. ಗಾಡಿ ಕಾದೋಯ್ತು. ಮುಳ್ಳು ನಿಜಾನೇ ಹೇಳ್ತಿತ್ತು. ಅವಳ ಹುಳ ಒಂದಷ್ಟು ಸತ್ವು. ನನ್ನಿಂದಾನೇ."

"ರೀ," ಎಂದಳು ಹೆಂಡತಿ, ಮೆಲ್ಲಗೆ. "ಮೈ ಹುಷಾರಾಗಿದೀರ ತಾನೆ? ತಂಗಿಗೆ ಕೊಡಿ ಫೋನು."

ಬಿಸಿಲು ಬೆಟ್ಟದ ಆಚೆಗೆ ಸರಿದಾಗ ಹುಳಗಳು ಮರಳತೊಡಗಿದವು. ನಾದಿನಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ ಬಾಗಿಲಿಗೆ ಸ್ಪಂಜಿನ ಪಟ್ಟಿ ಒತ್ತುತ್ತಿದ್ದಳು. ಅವನು ಹಿಂದೆ ಹಿಂದೆ ಪಟ್ಟಿ ಕೊಡುತ್ತಿದ್ದ. ಇಪ್ಪತ್ತಮೂರು ಮುಗಿದವು.

"ಕೊನೇದು," ಎಂದು ಅವಳು ಕೈ ಚಾಚಿದಳು.

ಅವನು ಕೊಡಲಿಲ್ಲ. ಕ್ಯಾನಿನಲ್ಲಿ ಮಿಕ್ಕ ನೀರಿಂದ ಆಗಷ್ಟೇ ಮುಖ ಒರೆಸಿಕೊಂಡು ಬಾನೆಟ್ಟಿನ ಮೇಲೆ ಹಾಕಿದ್ದ ಒದ್ದೆ ಬಟ್ಟೆಯ ಕಡೆ ಗದ್ದದಿಂದ ತೋರಿಸಿದ. ಅಲ್ಲೊಂದು ಹುಳ ಕೂತು ಇನ್ನೂ ನೀರು ಹೀರುತ್ತಿತ್ತು. ಅವಳು ಕೈ ಇಳಿಸಿದಳು. ಗಾಡಿಯ ಕೀಲಿ ಒಂದು ಕೈಯಲ್ಲಿ, ಸ್ಪಂಜಿನ ಪಟ್ಟಿ ಇನ್ನೊಂದರಲ್ಲಿ ಹಿಡಿದು ಅವನು ಉಸಿರಿನ ಗಾಳಿಯೂ ತಾಗದಷ್ಟು ದೂರದಲ್ಲಿ ನಿಂತ. ಇಪ್ಪತ್ನಾಲ್ಕನೆಯ ಬಾಗಿಲು ತೆರೆದೇ ಇತ್ತು.